ಹೀಲಿಯಂ ಖಾಲಿ ಆಗಿ ಆರ್ಗಾನ್ ಹಾಕಿದ್ವಿ, ಲೇಸರ್ ಎಬ್ಬಿಸಿದ ಧೂಳೆಲ್ಲ ಗುಳಿ ಸುತ್ತಲೇ ಬೀಳ್ತಿದೆ, ಯಾಕೆ?

ಜಿರ್ಕಾನ್_ಕಾಳು:

ಎಲ್ರಿಗೂ ನಮಸ್ಕಾರ. ಇಲ್ಲಿ ಲೇಸರ್ ಅಬ್ಲೇಶನ್ ಮಾಡೋರು, ಇಲ್ಲಾಂದ್ರೆ ಏರೋಸಾಲ್ ಮೇಲೆ ಕೆಲ್ಸ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ.

ನಾನು ಬೆಂಗಳೂರಲ್ಲೇ ಒಂದು ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೂರನೇ ವರ್ಷ. ಲಾಲ್‌ಬಾಗ್ ಬಂಡೆ ಹತ್ತಿದೋರೆಲ್ಲ ನೋಡಿರ್ತೀರ, ಕಪ್ಪು ಬಿಳಿ ಪಟ್ಟೆ ಪಟ್ಟೆ ಇರೋ ಪೆನಿನ್ಸುಲರ್ ನೈಸ್, ಹತ್ರಹತ್ರ 300 ಕೋಟಿ ವರ್ಷದ್ದು, ಅದೇ ಜಾತಿ ಕಲ್ಲನ್ನ ಬೇರೆ ಬೇರೆ ಕ್ವಾರಿಗಳಿಂದ ತಂದು ಪುಡಿ ಮಾಡಿ ಅದ್ರೊಳಗಿನ ಜಿರ್ಕಾನ್ ಕಾಳು ಆರಿಸಿ ಯುರೇನಿಯಂ ನಿಧಾನಕ್ಕೆ ಸೀಸ ಆಗೋ ಲೆಕ್ಕದಲ್ಲಿ ವಯಸ್ಸು ಹಿಡಿಯೋದು ನನ್ನ ಕೆಲ್ಸ. ಮೆಷಿನ್ ಲೇಸರ್ ಅಬ್ಲೇಶನ್ ಐಸಿಪಿ-ಎಂಎಸ್. 193 ನ್ಯಾನೋಮೀಟರ್ ಲೇಸರ್, 30 ಮೈಕ್ರಾನ್ ಸ್ಪಾಟ್, ಸೆಕೆಂಡಿಗೆ 5 ಪಲ್ಸ್. ಕಾಳಿನ ಮೇಲೆ ಲೇಸರ್ ಬಿದ್ದು ಏಳೋ ಧೂಳನ್ನ ಗ್ಯಾಸು ಎತ್ಕೊಂಡು ಟ್ಯೂಬಲ್ಲಿ ಹೋಗಿ ಪ್ಲಾಸ್ಮಾಕ್ಕೆ (ವಿಪರೀತ ಬಿಸಿಯ ಅಯಾನ್ ಅನಿಲ) ಹಾಕತ್ತೆ, ಅಲ್ಲಿ ಅದು ಆವಿಯಾಗಿ ಅಯಾನ್ ಆಗತ್ತೆ, ಆಮೇಲೆ ಎಣಿಕೆ.

ಹೋದ ಶನಿವಾರ ಹೀಲಿಯಂ ಸಿಲಿಂಡರ್ ಖಾಲಿ ಆಯ್ತು. ಸಪ್ಲೈಯರ್ ಫೋನಲ್ಲಿ ಎರಡ್ಮೂರು ವಾರ ಆಗತ್ತೆ ಮೇಡಂ ಅಂದ್ರು. ರೇಟ್ ಕೇಳಿ ಸುಮ್ನಾದೆ. ಅಲ್ಲೀವರೆಗೂ ಸುಮ್ನೆ ಕೂರೋದ್ ಬೇಡ, ಸೆಲ್‌ಗೂ (ಲೇಸರ್ ಹೊಡೆಯೋಕೆ ಕಾಳು ಇಡೋ ಮುಚ್ಚಿದ ಡಬ್ಬಿ) ಆರ್ಗಾನೇ ಬಿಡು, ಅದೂ ಜಡ ಅನಿಲ ಇದೂ ಜಡ ಅನಿಲ ಅಂತ ಗೈಡ್ ಹೇಳಿದ್ರು. ಹೀಲಿಯಂ ಲೈನ್‌ಗೆ ಆರ್ಗಾನ್ ಕನೆಕ್ಟ್ ಮಾಡಿ ಉಳಿದಿದ್ದೆಲ್ಲ ಇದ್ದ ಹಾಗೇ ಇಟ್ಟು ಓಡಿಸ್ದೆ. ಮೆಷಿನ್ ತಾಳೆ ನೋಡೋಕೆ ಇಡೋ ನಿಸ್ಟ್ 612 ಗಾಜಲ್ಲಿ ಸಿಗ್ನಲ್ ಮೂರನೇ ಒಂದು ಭಾಗಕ್ಕಿಂತ ಕಮ್ಮಿಗೆ ಬಂತು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಪ್ರತೀ ಗುಳಿ ಸುತ್ತ ಬೆಳ್ಳಗೆ ದಪ್ಪ ಉಂಗುರ, ರಂಗೋಲಿ ಪುಡಿ ಚೆಲ್ಲಿದ ಹಾಗೆ. ಹೀಲಿಯಂನಲ್ಲಿ ಇಷ್ಟು ಯಾವತ್ತೂ ಇರ್ಲಿಲ್ಲ. ಇನ್ನೊಂದು ಭಯ ಏನಂದ್ರೆ ವಯಸ್ಸು ಮೊದಲೇ ಗೊತ್ತಿರೋ ಪ್ಲೆಶೊವಿತ್ಸೆ ಸ್ಟ್ಯಾಂಡರ್ಡ್ ಜಿರ್ಕಾನ್ 33.7 ಕೋಟಿ ವರ್ಷ ಬರ್ಬೇಕಾದದ್ದು 35 ಕೋಟಿ ದಾಟ್ತಿದೆ.

ನನ್ನ ಪ್ರಶ್ನೆ ಇಷ್ಟೆ. ಎರಡೂ ಯಾವುದ್ರ ಜೊತೆಗೂ ರಿಯಾಕ್ಟ್ ಆಗದ ಗ್ಯಾಸು, ಹಂಗಿದ್ರೂ ಧೂಳು ಯಾಕೆ ಇಷ್ಟು ಬೇರೆ ಥರ ಆಡತ್ತೆ? ಹೀಲಿಯಂ ಹಗುರ ಆದ್ದರಿಂದ ಧೂಳನ್ನ ಚೆನ್ನಾಗಿ ಎತ್ಕೊಂಡ್ ಹೋಗತ್ತೆ ಅಂತ ಸೀನಿಯರ್ ಒಬ್ರು ಹೇಳಿದ್ರು, ನನಗ್ಯಾಕೋ ಅದು ಸರಿ ಕೂರ್ತಿಲ್ಲ, ಹಗುರದ್ದು ಭಾರ ಹೊರೋದು ಹೇಗೆ? ಟ್ಯೂಬ್ ಗಿಡ್ಡ ಮಾಡಿದ್ರೆ ಸರಿ ಹೋಗತ್ತಾ? ನೈಟ್ರೋಜನ್ ಸಿಲಿಂಡರ್ ಎರಡು ಸುಮ್ನೆ ನಿಂತಿವೆ, ಅದನ್ನ ಹಾಕ್ಬೋದಾ?


ಪೀಣ್ಯ_ಸೆಕೆಂಡ್_ಸ್ಟೇಜ್:

ನಾನು ಪಿಎಚ್‌ಡಿ ಅಲ್ಲಮ್ಮ, ಪೀಣ್ಯದಲ್ಲಿ ಲೋಹದ ಟೆಸ್ಟಿಂಗ್ ಲ್ಯಾಬಲ್ಲಿ ಹನ್ನೊಂದು ವರ್ಷದಿಂದ ಮೆಷಿನ್ ಓಡಿಸ್ತಿದೀನಿ, ಹಿತ್ತಾಳೆ ಅಲ್ಯೂಮಿನಿಯಂ ಇಂಥದ್ದು. ಥಿಯರಿ ಬೇರೆಯವ್ರು ಹೇಳ್ತಾರೆ, ಮೊದಲು ಒಂದು ವಿಷ್ಯ ಚೆಕ್ ಮಾಡು. ಉಳಿದಿದ್ದೆಲ್ಲ ಇದ್ದ ಹಾಗೇ ಇಟ್ಟೆ ಅಂದ್ಯಲ್ಲ, ಅಲ್ಲೇ ಒಂದು ತಪ್ಪಾಗಿದೆ ಅನ್ಸತ್ತೆ. ಸಾಮಾನ್ಯವಾಗಿ ಸೆಲ್ ಒಳಗೆ ಹೀಲಿಯಂ ಹಾಯಿಸಿ, ಸೆಲ್ ದಾಟಿದ ಮೇಲೆ ವೈ ಪೀಸಲ್ಲಿ ಆರ್ಗಾನ್ ಸೇರಿಸ್ತೀವಿ. ನಿಂದು ಹೀಲಿಯಂ 0.8 ಲೀಟರ್ ಆರ್ಗಾನ್ 0.9 ಲೀಟರ್ ಥರ ಇತ್ತು ಅನ್ಕೊ. ಈಗ ಹೀಲಿಯಂ ಜಾಗಕ್ಕೂ ಆರ್ಗಾನ್ ಬಂದ್ರೆ ನಿಮಿಷಕ್ಕೆ 1.7 ಲೀಟರ್ ಆರ್ಗಾನ್ ಪ್ಲಾಸ್ಮಾ ನಡುವೆ ನುಗ್ಗತ್ತೆ. ಪ್ಲಾಸ್ಮಾದ ನಡು ತಣ್ಣಗಾಗಿ ಧೂಳು ಪೂರ್ತಿ ಆವಿಯಾಗೋ ಮುಂಚೆನೇ ಕೋನ್ (ಎಣಿಕೆ ಭಾಗಕ್ಕೆ ಹೋಗೋ ಸಣ್ಣ ತೂತಿನ ಬಾಯಿ) ದಾಟ್ಬಿಡತ್ತೆ. ಸೆಲ್‌ಗೆ ಬರೀ ಆರ್ಗಾನ್ ಹಾಕಿದ್ರೆ ಎರಡೂ ಸೇರಿ 1 ಲೀಟರ್ ಆಸುಪಾಸಲ್ಲಿಟ್ಟು ಅಲ್ಲಿಂದ ಮೇಲೆ ಕೆಳಗೆ ಮಾಡಿ ಹೊಸದಾಗಿ ಟ್ಯೂನ್ ಮಾಡ್ಬೇಕು.

ಫ್ಲೋ ಅಳೆಯೋದು ಯಾವ್ದ್ರಲ್ಲಿ? ಗಾಜಿನ ಕೊಳವೆಯೊಳಗೆ ಗುಂಡು ಏಳೋ ರೋಟಾಮೀಟರ್ ಆದ್ರೆ ಅದರ ಗೆರೆ ಒಂದು ಗ್ಯಾಸಿಗೆ ಮಾತ್ರ ಸರಿ. ಆರ್ಗಾನ್‌ಗೆ ಗೆರೆ ಹಾಕಿದ ಮೀಟರಲ್ಲಿ ಹೀಲಿಯಂ ಬಿಟ್ರೆ ನಿಜವಾದ ಫ್ಲೋ ತೋರಿಸಿದ್ದಕ್ಕಿಂತ ಮೂರು ಪಟ್ಟು, ಉಲ್ಟಾ ಆದ್ರೆ ಮೂರನೇ ಒಂದು ಭಾಗ. ಎಲೆಕ್ಟ್ರಾನಿಕ್ ಮಾಸ್ ಫ್ಲೋ ಕಂಟ್ರೋಲರ್ ಆದ್ರೆ ಅಷ್ಟು ತೊಂದ್ರೆ ಇಲ್ಲ, ಎರಡೂ ಒಂಟಿ ಪರಮಾಣು ಗ್ಯಾಸು ಆದ್ದರಿಂದ ಮೋಲ್ ಲೆಕ್ಕದಲ್ಲಿ ಶಾಖ ಹೀರೋದು ಒಂದೇ ಸಮ, ರೀಡಿಂಗ್ ಹತ್ರಹತ್ರ ಸರಿನೇ ಬರತ್ತೆ.

ಮಿಕ್ಕಿದ್ದು ನಿನ್ನ ಸೀನಿಯರ್ ಹೇಳಿದ್ದೇ, ಹೀಲಿಯಂ ಹಗುರ, ಬಲೂನಲ್ಲಿ ಏಳಲ್ವಾ, ಹಂಗೇ ಧೂಳನ್ನೂ ಮೇಲೆತ್ತತ್ತೆ. ಆರ್ಗಾನ್ ಭಾರ, ಕೆಳಗೇ ಕೂರತ್ತೆ, ಧೂಳೂ ಅದ್ರ ಜೊತೆ ಕೂರತ್ತೆ. ಅದಕ್ಕೇ ರೂಮ್ ಕಿಟಕಿ ತೆಗ್ದಿಡು, ಮುಚ್ಚಿದ ರೂಮಲ್ಲಿ ಆರ್ಗಾನ್ ಲೀಕ್ ಆದ್ರೆ ನೆಲದ ಮಟ್ಟದಲ್ಲಿ ತುಂಬ್ಕೊಂಡು ಉಸಿರುಗಟ್ಟತ್ತೆ.


ಧೂಳಿನ_ಲೆಕ್ಕ:

ಪೀಣ್ಯದ ಸರ್ ಹೇಳಿದ ಫ್ಲೋ ವಿಷ್ಯ ನೂರಕ್ಕೆ ನೂರು ಸರಿ, ಅದನ್ನೇ ಮೊದಲು ಮಾಡಿ. ಕಿಟಕಿ ವಿಷ್ಯನೂ ಸರಿ. ಆದ್ರೆ ಬಲೂನಿನ ಮಾತು ಒಪ್ಪಕ್ಕಾಗಲ್ಲ ಸರ್, ಬೇಜಾರು ಮಾಡ್ಕೋಬೇಡಿ. ನಾನು ಸಿಲ್ಕ್ ಬೋರ್ಡ್ ಹೆಬ್ಬಾಳ ಕಡೆಯೆಲ್ಲ ಗಾಳಿ ಧೂಳು ಅಳೆಯೋನು, ಕಣ ಗ್ಯಾಸಲ್ಲಿ ಹೇಗೆ ಬೀಳತ್ತೆ ಅನ್ನೋದು ನನ್ನ ದಿನದ ಅನ್ನ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಒಂದು ಕಣ ಗ್ಯಾಸಲ್ಲಿ ಎಷ್ಟು ಬೇಗ ಕೆಳಗೆ ಕೂರತ್ತೆ ಅನ್ನೋದು ಗ್ಯಾಸಿನ ತೂಕದ ಮೇಲೆ ನಿಂತಿಲ್ಲ, ಅದರ ಸ್ನಿಗ್ಧತೆ ಮೇಲೆ ನಿಂತಿದೆ, ಅಂದ್ರೆ ಎಣ್ಣೆ ಥರ ಎಷ್ಟು ಅಂಟಂಟಾಗಿ ತಡಿಯತ್ತೆ ಅನ್ನೋದು. ಆರ್ಗಾನ್ ಸಾಂದ್ರತೆ ಹೀಲಿಯಂನ ಹತ್ತು ಪಟ್ಟು ನಿಜ. ಆದ್ರೆ ಸ್ನಿಗ್ಧತೆ ನೋಡಿ, ರೂಮಿನ ಉಷ್ಣಾಂಶದಲ್ಲಿ ಹೀಲಿಯಂ ಸುಮಾರು 20 ಮೈಕ್ರೋಪಾಸ್ಕಲ್-ಸೆಕೆಂಡ್, ಆರ್ಗಾನ್ ಸುಮಾರು 22.5. ಹತ್ರಹತ್ರ ಒಂದೇ! ನಾನು ಕಾಲೇಜಲ್ಲಿ ಇದನ್ನ ಮೊದಲ ಸಲ ಓದ್ದಾಗ ನಂಬಕ್ಕೇ ಆಗ್ಲಿಲ್ಲ, ಟೇಬಲ್ ತಪ್ಪು ಅನ್ಕೊಂಡು ಲೈಬ್ರರಿಗೆ ಹೋಗಿ ಇನ್ನೊಂದು ಪುಸ್ತಕ ತೆಗ್ದು ನೋಡಿದ್ದೆ.

ಲೆಕ್ಕ ಹಾಕ್ದೆ ನಿಮಗೋಸ್ಕರ. ಗಾಜಿನ 1 ಮೈಕ್ರಾನ್ ಕಣ, ಸಾಂದ್ರತೆ 2.5 ಅಂತ ಇಟ್ಕೊಂಡ್ರೆ ಆರ್ಗಾನ್‌ನಲ್ಲಿ ಸೆಕೆಂಡಿಗೆ 0.07 ಮಿಲಿಮೀಟರ್ ಬೀಳತ್ತೆ, ಹೀಲಿಯಂನಲ್ಲಿ 0.1. ಗಮನಿಸಿ, ಹೀಲಿಯಂನಲ್ಲೇ ಬೇಗ ಬೀಳತ್ತೆ! ಯಾಕಂದ್ರೆ ಹೀಲಿಯಂ ಪರಮಾಣು ಒಂದಕ್ಕೊಂದು ಡಿಕ್ಕಿ ಹೊಡೆಯೋ ಮುಂಚೆ ಸುಮಾರು 190 ನ್ಯಾನೋಮೀಟರ್ ಓಡತ್ತೆ, ಆರ್ಗಾನ್ ಓಡೋದು ಬರೀ 70. ಸಣ್ಣ ಕಣಕ್ಕೆ ಹೀಲಿಯಂ ಅನ್ನೋದು ತೂತು ತೂತು ಇರೋ ಜರಡಿ, ನಡುವೆ ಜಾರ್ಕೊಂಡ್ ಹೋಗತ್ತೆ. ಜಿರ್ಕಾನ್ ಗಾಜಿಗಿಂತ ಭಾರ, ಸಾಂದ್ರತೆ 4.6 ಹತ್ರ, ಹಂಗಾಗಿ ಈ ವೇಗ ಇನ್ನೂ ಹತ್ರಹತ್ರ ಎರಡು ಪಟ್ಟು, ಆದ್ರೆ ಎರಡೂ ಗ್ಯಾಸಿಗೆ ಒಂದೇ ಥರ.

ಈಗ ಟ್ಯೂಬ್. 4 ಮಿಲಿಮೀಟರ್ ಒಳ ಅಗಲದ 1 ಮೀಟರ್ ಟ್ಯೂಬಲ್ಲಿ ನಿಮಿಷಕ್ಕೆ 1 ಲೀಟರ್ ಹೋದ್ರೆ ಧೂಳು ಟ್ಯೂಬೊಳಗೆ ಇರೋದೇ ಮುಕ್ಕಾಲು ಸೆಕೆಂಡು. ಅಷ್ಟರಲ್ಲಿ 1 ಮೈಕ್ರಾನ್ ಕಣ ಕೂದಲೆಳೆಯಷ್ಟು ಇಳಿಯತ್ತೆ, ನಷ್ಟ ಏನೂ ಇಲ್ಲ. 5 ಮೈಕ್ರಾನ್ ಕಣ ಆದ್ರೆ ಸೆಕೆಂಡಿಗೆ ಒಂದೂವರೆಯಿಂದ 2 ಮಿಲಿಮೀಟರ್ ಇಳಿಯತ್ತೆ, ಅವು ಎರಡೂ ಗ್ಯಾಸಲ್ಲಿ ಟ್ಯೂಬ್ ತಳ ಹಿಡಿಯತ್ವೆ, ತಿರುವಲ್ಲಿ ಗೋಡೆಗೆ ಹೊಡೀತ್ವೆ.

ಹಿಟ್ಟಿನ ಗಿರಣಿಗೆ ಹೋಗಿರ್ತೀರಲ್ಲ, ದಪ್ಪ ಹಿಟ್ಟು ಕಲ್ಲಿನ ಬುಡದಲ್ಲೇ ಬಿದ್ದಿರತ್ತೆ, ಮಧ್ಯಮದ್ದು ಗಿರಣಿಯವ್ನ ತಲೆಗೂದಲು ಹುಬ್ಬಿನ ಮೇಲೆ, ತೀರಾ ನಯದ್ದು ಚಾವಣಿಯ ಜೇಡರ ಬಲೆಗೆ ಅಂಟಿರತ್ತೆ. ಆ ನಯದ್ದು ಕೆಳಗೆ ಬೀಳೋದೇ ಇಲ್ಲ, ಅಲೆದಾಡಿ ಎಲ್ಲಿ ತಾಗತ್ತೋ ಅಲ್ಲಿ ಅಂಟ್ಕೊಳತ್ತೆ. ಲೇಸರ್ ಧೂಳಲ್ಲೂ ಹಂಗೇ. 10 ನ್ಯಾನೋಮೀಟರ್ ಕಣ ಟ್ಯೂಬ್ ಗೋಡೆಗೆ ಅಲೆದು ಅಂಟೋದು ಹೀಲಿಯಂನಲ್ಲೇ ಜಾಸ್ತಿ. ನನ್ನ ಲೆಕ್ಕದಲ್ಲಿ ಮೇಲೆ ಹೇಳಿದ ಟ್ಯೂಬಲ್ಲಿ ಆರ್ಗಾನ್ ಆದ್ರೆ ನೂರಕ್ಕೆ 10, ಹೀಲಿಯಂ ಆದ್ರೆ ನೂರಕ್ಕೆ 20 ಹೋಗತ್ತೆ. 100 ನ್ಯಾನೋಮೀಟರ್ ಕಣಕ್ಕೆ ಬಂದ್ರೆ ಎರಡರಲ್ಲೂ ನೂರಕ್ಕೆ ಒಂದರ ಆಸುಪಾಸು. ಪುಣ್ಯಕ್ಕೆ ಆ 10 ನ್ಯಾನೋಮೀಟರ್ ಕಣಗಳು ಒಂಟಿಯಾಗಿ ಬಹಳ ಹೊತ್ತು ಇರಲ್ಲ, ಬೇಗ ಒಂದಕ್ಕೊಂದು ಅಂಟಿ ಮಣಿಸರದ ಥರ ಆಗ್ಬಿಡತ್ವೆ.

ಅಂದ್ರೆ ನೋಡಿ, ಬರೀ ಸಾಗಣೆ ಲೆಕ್ಕ ಹಿಡಿದ್ರೆ ಹೀಲಿಯಂ ಎಲ್ಲೂ ಮುಂದಿಲ್ಲ, ಒಂದೆರಡು ಕಡೆ ಹಿಂದೇನೇ ಇದೆ. ಹಂಗಾಗಿ ಟ್ಯೂಬ್ ಗಿಡ್ಡ ಮಾಡಿದ್ರೆ ಸಿಗ್ನಲ್ ಏರೋದು ಇಳಿಯೋದು ಚುರುಕಾಗ್ಬೋದು, ಕಳ್ಕೊಂಡಿರೋ ಮೂರನೇ ಎರಡು ಭಾಗ ವಾಪಸ್ ಬರಲ್ಲ. ಅದು ಟ್ಯೂಬಿಗೆ ಬರೋ ಮುಂಚೆನೇ ಹೋಗಿದೆ. ನೀವೇ ನೋಡಿದ್ದೀರಲ್ಲ, ಗುಳಿ ಸುತ್ತ ಬಿಳಿ ಉಂಗುರ.

ಸೆಲ್ ಒಳಗಿನ ಹರಿವಲ್ಲಿ ಮಾತ್ರ ಒಂದು ವ್ಯತ್ಯಾಸ ಇದೆ. ಸೆಲ್ ಬಾಯಲ್ಲಿ 1 ಮಿಲಿಮೀಟರ್ ತೂತಿಂದ ನಿಮಿಷಕ್ಕೆ 1 ಲೀಟರ್ ನುಗ್ಗತ್ತೆ ಅಂತಿಟ್ಕೊಂಡ್ರೆ ರೆನಾಲ್ಡ್ಸ್ ಸಂಖ್ಯೆ (ಹರಿವು ಶಾಂತವೋ ಸುಳಿ ಏಳೋ ಥರವೋ ಅನ್ನೋ ಅಳತೆ) ಆರ್ಗಾನ್‌ಗೆ ಸುಮಾರು 1600, ಹೀಲಿಯಂಗೆ 180 ಅಷ್ಟೆ. ಹೀಲಿಯಂ ಶಾಂತವಾಗಿ ಹರಡ್ಕೊಂಡು ಹೋಗತ್ತೆ. ಆರ್ಗಾನ್ ಧಾರೆಯಾಗಿ ನುಗ್ಗಿ ಎದುರು ಗೋಡೆಗೆ ಹೊಡೆದು ಸುಳಿ ಏಳಿಸತ್ತೆ, ಆ ಸುಳಿಗೆ ಸಿಕ್ಕಿದ ಧೂಳು ಸುತ್ತಾಡ್ತಾ ಇರತ್ತೆ, ಸಿಗ್ನಲ್ ಬಾಲ ಉದ್ದ ಆಗತ್ತೆ. ನಿಮ್ಮ ಸಿಗ್ನಲ್ ಲೇಸರ್ ಆಫ್ ಮಾಡಿದ ಮೇಲೆ ನಿಧಾನವಾಗಿ ಇಳೀತಿದ್ಯಾ? ನೋಡಿ ಹೇಳಿ.

ಗುಳಿ ಮೇಲೆ ಏನಾಗತ್ತೆ ಅನ್ನೋದು ಲೇಸರ್ ಜನ ಹೇಳ್ಬೇಕು, ಅದು ನನ್ನ ಕ್ಷೇತ್ರ ಅಲ್ಲ.


ಕೇರಂ_ಬೋರ್ಡ್:

ಆ ಭಾಗ ನಾನು ಹೇಳ್ತೀನಿ. ನಾನು ಲೇಸರಲ್ಲಿ ತೆಳು ಪದರ ಬೆಳೆಸೋ ಕೆಲ್ಸದಲ್ಲಿದ್ದೆ, ಪಲ್ಸ್ಡ್ ಲೇಸರ್ ಡೆಪಾಸಿಶನ್, ಅಲ್ಲಿ ನಾವು ಇಡೀ ದಿನ ನೋಡೋದೇ ಈ ಪ್ಲೂಮನ್ನ, ಅಂದ್ರೆ ಲೇಸರ್ ಬಿದ್ದ ತಕ್ಷಣ ಮೇಲೆ ಚಿಮ್ಮೋ ಹೊಳೆಯೋ ಆವಿಯ ಗರಿ. ಗ್ಯಾಸಿನ ನಿಜವಾದ ಆಟ ಎಲ್ಲ ನಡೆಯೋದು ಅಲ್ಲೇ, ಗುಳಿ ಮೇಲಿನ ಮೊದಲ ಕೆಲವು ಮಿಲಿಮೀಟರಲ್ಲಿ, ಮೊದಲ ಕೆಲವು ಮೈಕ್ರೋಸೆಕೆಂಡಿಂದ ಮಿಲಿಸೆಕೆಂಡೊಳಗೆ. ಆಮೇಲೆ ಟ್ಯೂಬ್ ಅನ್ನೋದು ಬರೀ ರಸ್ತೆ.

ಕೇರಂ ಆಡಿದೋರಿಗೆ ಬೇಗ ಅರ್ಥ ಆಗತ್ತೆ. ಸ್ಟ್ರೈಕರ್ ಕಾಯಿನ್‌ಗೆ ಹೊಡೆದ್ರೆ ಕಾಯಿನ್ ಹಾರತ್ತೆ, ಸ್ಟ್ರೈಕರ್ ತನ್ನ ದಾರೀಲೇ ಮುಂದೆ ಹೋಗತ್ತೆ. ಅದೇ ಕಾಯಿನ್ ಬಂದು ನಿಂತಿರೋ ಸ್ಟ್ರೈಕರ್‌ಗೆ ಹೊಡೆದ್ರೆ ಕಾಯಿನ್ನೇ ವಾಪಸ್ ಪುಟಿಯತ್ತೆ. ಜಿರ್ಕಾನಿಂದ ಚಿಮ್ಮೋ ಪರಮಾಣುಗಳ ತೂಕ ನೋಡಿ, ಜಿರ್ಕೋನಿಯಂ 91, ಸಿಲಿಕಾನ್ 28, ಆಕ್ಸಿಜನ್ 16. ಹೀಲಿಯಂ 4. ಯಾವುದೇ ಬರ್ಲಿ, ಹೀಲಿಯಂನ ತಳ್ಕೊಂಡು ಮುಂದೆ ಹೋಗತ್ತೆ. ಆರ್ಗಾನ್ 40. ಸಿಲಿಕಾನ್ ಆಕ್ಸಿಜನ್ ಎರಡೂ ಆರ್ಗಾನ್‌ಗೆ ತಾಗಿ ಹಿಂದಕ್ಕೂ ಪುಟಿಯತ್ವೆ, ಜಿರ್ಕೋನಿಯಂ ಕೂಡ ನಾಕೈದು ಏಟು ತಿಂದ್ರೆ ನಿಂತ್ಬಿಡತ್ತೆ. ಹಂಗಾಗಿ ಆರ್ಗಾನ್‌ನಲ್ಲಿ ಪ್ಲೂಮ್ ಗಿಡ್ಡ, ದಟ್ಟ, ಕಲ್ಲಿನ ಮೇಲೇ ಕುಳಿತಿರೋ ಗುಬಟು. ಹೀಲಿಯಂನಲ್ಲಿ ಎತ್ತರ, ಅಗಲ, ಬೇಗ ತೆಳುವಾಗೋದು.

ಇನ್ನೊಂದು ಕಡೆಯಿಂದಲೂ ಇದೇ ಉತ್ತರ ಬರತ್ತೆ. ಪ್ಲೂಮ್ ಸುತ್ತಲಿನ ಗ್ಯಾಸನ್ನ ತಳ್ಳಿ ಒಂದು ಆಘಾತದ ಅಲೆ ಎಬ್ಬಿಸತ್ತೆ, ಅದರ ಅಳತೆಗೆ ಸ್ಫೋಟಗಳಿಗೆ ಹಾಕೋ ಟೇಲರ್-ಸೆಡೋವ್ ಸೂತ್ರನೇ ಬಳಸ್ತೀವಿ. ಅದರ ಪ್ರಕಾರ ಗ್ಯಾಸಿನ ಸಾಂದ್ರತೆ ಹತ್ತು ಪಟ್ಟು ಕಮ್ಮಿ ಆದ್ರೆ ಅಷ್ಟೇ ಹೊತ್ತಲ್ಲಿ ಅಲೆ ಸುಮಾರು 1.6 ಪಟ್ಟು ದೂರ ಹೋಗತ್ತೆ. 1.6 ಅಂದ್ರೆ ಸಣ್ಣದು ಅನ್ನಿಸ್ಬೋದು, ಆದ್ರೆ ಮೂರೂ ದಿಕ್ಕಿಗೆ ಗುಣಿಸಿದ್ರೆ ನಾಲ್ಕು ಪಟ್ಟು ಜಾಗ. ನಾಲ್ಕು ಪಟ್ಟು ಜಾಗದಲ್ಲಿ ಅಷ್ಟೇ ಆವಿ ಹರಡಿದ್ರೆ ಅದು ಗಟ್ಟಿಯಾಗಿ ಕಣ ಆಗೋ ರೀತಿನೇ ಬೇರೆ.

ಈಗ ಶಾಖ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹೀಲಿಯಂ ಶಾಖ ಸಾಗಿಸೋದು ಆರ್ಗಾನ್‌ಗಿಂತ ಎಂಟು ಪಟ್ಟಿಗೂ ಜಾಸ್ತಿ, ಮೀಟರಿಗೆ ಕೆಲ್ವಿನ್‌ಗೆ 0.15 ವ್ಯಾಟ್ ಎದುರಿಗೆ 0.018. ಬಿಸಿ ಆವಿ ತಣಿದು ಮೊದಲು ಸಣ್ಣ ಸಣ್ಣ ಹನಿ ಆಗತ್ತೆ, ಹನಿಗಳು ದ್ರವವಾಗಿರೋವರೆಗೂ ಒಂದಕ್ಕೊಂದು ತಾಗಿ ಕೂಡಿ ದೊಡ್ಡ ಉಂಡೆ ಆಗ್ತಾ ಹೋಗತ್ವೆ, ಗಟ್ಟಿಯಾದ ಮೇಲೆ ತಾಗಿದ್ರೂ ಕೂಡಲ್ಲ, ಬರೀ ಅಂಟ್ಕೊಳತ್ವೆ. ಬೆಲ್ಲದ ಪಾಕ ತೆಗೆದ ಹಾಗೆ, ಒಲೆ ಮೇಲೇ ಇದ್ರೆ ಎಲ್ಲ ಒಂದೇ ಮುದ್ದೆ, ತಣ್ಣೀರಿಗೆ ಹನಿ ಹನಿ ಬಿಟ್ರೆ ಅಲ್ಲಲ್ಲೇ ಮಣಿ. ಹೀಲಿಯಂ ಅನ್ನೋದು ಆ ತಣ್ಣೀರು. ಬೇಗ ಗಟ್ಟಿ ಮಾಡಿ ಕಣ ಸಣ್ಣದಾಗೇ ಉಳಿಯೋ ಹಾಗೆ ಮಾಡತ್ತೆ. ಆರ್ಗಾನ್ ಕಂಬಳಿ ಹೊದ್ದಿಸಿದ ಹಾಗೆ, ಪ್ಲೂಮ್ ಬಹಳ ಹೊತ್ತು ಬಿಸಿ, ಕಣಗಳಿಗೆ ಬೆಳೆಯೋಕೆ ಹೊತ್ತು ಸಿಗತ್ತೆ, ಅದೂ ಕಲ್ಲಿನ ಮೈಗೆ ಅಷ್ಟು ಹತ್ರದಲ್ಲಿ. ಅದರಲ್ಲಿ ದೊಡ್ಡ ಪಾಲು ಅಲ್ಲೇ ಕಲ್ಲಿನ ಮೇಲೆ ಕೂತ್ಬಿಡತ್ತೆ. ನೀವು ನೋಡಿದ ಉಂಗುರ ಅದೇ.

ಆರ್ಗಾನ್ ಅಯಾನ್ ಆಗೋಕೆ ಬೇಕಾದ ಶಕ್ತಿನೂ ಕಮ್ಮಿ, 15.8 ಇಲೆಕ್ಟ್ರಾನ್ ವೋಲ್ಟ್, ಹೀಲಿಯಂಗೆ 24.6. ಹಂಗಾಗಿ ಕಲ್ಲಿನ ಮೇಲೆ ಆರ್ಗಾನ್ ಪ್ಲಾಸ್ಮಾ ಸುಲಭಕ್ಕೆ ಹತ್ಕೊಂಡು ಲೇಸರ್ ಬೆಳಕನ್ನೇ ಸ್ವಲ್ಪ ನುಂಗಿ ಹಾಕ್ಬೋದು, ಅದರಲ್ಲೂ ಉದ್ದ ತರಂಗದ ಲೇಸರಲ್ಲಿ. ನಿಮ್ಮದು 193, ನಿಮಗೆ ಇದು ಮುಖ್ಯ ಕಾರಣ ಅಲ್ಲ ಅಂತ ನನ್ನ ಅನಿಸಿಕೆ.

ಒಂದು ಎಚ್ಚರ. ಲೇಸರ್ ಧೂಳಲ್ಲಿ ಎರಡು ಜಾತಿ ಇದೆ. ಒಂದು ಆವಿಯಿಂದ ಹುಟ್ಟಿದ ನ್ಯಾನೋ ಕಣ, ಗ್ಯಾಸಿನ ಮಾತು ಕೇಳೋದು ಇದು. ಇನ್ನೊಂದು ಕರಗಿದ ಕಲ್ಲು ನೇರವಾಗಿ ಸಿಡಿದ ಹನಿ, ಮೈಕ್ರಾನ್ ಗಾತ್ರದ್ದು, ಕಾದ ಎಣ್ಣೆಗೆ ಸಾಸಿವೆ ಹಾಕಿದಾಗ ಸಿಡಿಯೋ ಥರ. ಅದಕ್ಕೆ ಸುತ್ತ ಯಾವ ಗ್ಯಾಸ್ ಇದ್ರೂ ಅಷ್ಟೇನೂ ಲೆಕ್ಕಕ್ಕಿಲ್ಲ, ಅದು ಲೇಸರಿನ ತರಂಗ, ಪಲ್ಸಿನ ಉದ್ದ, ಕಲ್ಲಿನ ಗುಣ ಇವುಗಳ ಮೇಲೆ ನಿಂತಿದೆ. 266 ನ್ಯಾನೋಮೀಟರ್ ಬೆಳಕು ತಿಳಿ ಗಾಜಲ್ಲಿ ಆಳಕ್ಕೆ ಹೋಗಿ ಒಳಗಿಂದ ಚೂರು ಚೂರಾಗಿ ಸಿಡಿಸತ್ತೆ, 193 ಮೈಮೇಲೇ ಹೀರಲ್ಪಡತ್ತೆ. ಹಾಗಾಗಿ ಹೀಲಿಯಂ ಬಂದ್ರೆ ಎಲ್ಲ ಸಮಸ್ಯೆ ಹೋಗತ್ತೆ ಅಂತಲೂ ತಿಳ್ಕೋಬೇಡಿ.

ಈ ವಿದ್ಯೆಯ ಚರಿತ್ರೆಯಲ್ಲೂ ಇದು ತಡವಾಗೇ ಗೊತ್ತಾಗಿದ್ದು. ಲೇಸರ್ ಅಬ್ಲೇಶನ್‌ನ ಐಸಿಪಿ-ಎಂಎಸ್‌ಗೆ ಮೊದಲು ಜೋಡಿಸಿದ್ದು ಅಲನ್ ಗ್ರೇ, 1985ರಲ್ಲಿ, ಮಾಣಿಕ್ಯದ ಲೇಸರಿಂದ. ಆಮೇಲೆ ಹತ್ತು ಹನ್ನೆರಡು ವರ್ಷ ಬಹುಪಾಲು ಜನ ಆರ್ಗಾನಲ್ಲೇ ಓಡಿಸಿದ್ರು. 1998ರಲ್ಲಿ ಆಸ್ಟ್ರೇಲಿಯಾದ ಎಗಿನ್ಸ್ ಮತ್ತು ಜೊತೆಗಾರರು 193 ಲೇಸರಲ್ಲಿ ಹೀಲಿಯಂ ಹಾಯಿಸಿದ್ರೆ ಗುಳಿ ಸುತ್ತ ಬೀಳೋ ಧೂಳು ಎಷ್ಟು ಕಮ್ಮಿ ಆಗತ್ತೆ ಅಂತ ತೋರಿಸಿದ್ರು, 1999ರಲ್ಲಿ ಜ್ಯೂರಿಕ್‌ನ ಗುಂಥರ್ ಮತ್ತು ಹೈನ್ರಿಕ್ ಹೀಲಿಯಂ ಆರ್ಗಾನ್ ಮಿಶ್ರಣದಿಂದ ಸಿಗ್ನಲ್ ಎರಡು ಮೂರು ಪಟ್ಟು ಏರೋದನ್ನ ತೋರಿಸಿದ್ರು. ನೀವು ಕಳ್ಕೊಂಡಿರೋದೂ ಹತ್ರಹತ್ರ ಅಷ್ಟೇ ನೋಡಿ.


ಜಿರ್ಕಾನ್_ಕಾಳು:

ಮೂರೂ ಜನಕ್ಕೆ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ನಿಜವಾಗ್ಲೂ ಅನ್ಕೊಂಡಿರ್ಲಿಲ್ಲ.

ಇವತ್ತು ಬೆಳಗ್ಗೆ ಬಂದ ತಕ್ಷಣ ಫ್ಲೋ ನೋಡ್ದೆ. ಪೀಣ್ಯದ ಸರ್ ಹೇಳಿದ್ದೇ ಆಗಿದೆ, ಒಟ್ಟು ಆರ್ಗಾನ್ 1.65 ಲೀಟರ್ ಹೋಗ್ತಿತ್ತು. ಸೆಲ್‌ಗೆ 0.7, ಆಮೇಲೆ ಸೇರಿಸೋದು 0.35 ಮಾಡಿ ಟಾರ್ಚ್ (ಪ್ಲಾಸ್ಮಾ ಉರಿಯೋ ಕೊಳವೆ) ಜಾಗ ಹೊಸದಾಗಿ ಟ್ಯೂನ್ ಮಾಡಿದ್ಮೇಲೆ ಸಿಗ್ನಲ್ ಸುಮಾರು ಚೇತರಿಸ್ಕೊಂತು, ಹೀಲಿಯಂನ ಅರ್ಧದ ಹತ್ರ ಬಂತು. ಉಂಗುರ ಮಾತ್ರ ಹಾಗೇ ಇದೆ, ಒಂಚೂರೂ ಕಮ್ಮಿ ಆಗಿಲ್ಲ. ಅಂದ್ರೆ ಕಳ್ಕೊಂಡಿದ್ದರಲ್ಲಿ ಒಂದು ಪಾಲು ಪ್ಲಾಸ್ಮಾದಲ್ಲಿ, ಇನ್ನೊಂದು ಪಾಲು ಗುಳಿ ಹತ್ರ ಅಂತ ಈಗ ಬಿಡಿಸಿ ಕಾಣ್ತಿದೆ. ಸಿಗ್ನಲ್ ಬಾಲನೂ ಉದ್ದ ಇದೆ, ಲೇಸರ್ ನಿಲ್ಲಿಸಿದ್ಮೇಲೆ ಇಳಿಯೋಕೆ ಹೀಲಿಯಂಗಿಂತ ಎರಡರಷ್ಟು ಹೊತ್ತು.

ಆದ್ರೆ ವಯಸ್ಸು? ಪ್ಲೆಶೊವಿತ್ಸೆ ಈಗ 34.3 ಕೋಟಿ ಹತ್ರ ಬರ್ತಿದೆ, ಇನ್ನೂ ಜಾಸ್ತಿನೇ. ನನ್ನ ಸ್ಯಾಂಪಲ್ ಇದೇ ಸೆಟ್ಟಿಂಗಲ್ಲಿ ಓಡಿಸ್ಲಾ, ಬೇಡ್ವಾ? ಗೈಡ್ ಓಡ್ಸು ಅಂತಿದಾರೆ, ಮುಂದಿನ ತಿಂಗಳು ಪ್ರೆಸೆಂಟೇಶನ್ ಇದೆ.


ಗುತ್ತಿಗೆ_ಕಲ್ಲು:

ಓಡಿಸ್ಬೇಡಿ. ನಾನೂ ಜಿರ್ಕಾನ್ ಮಾಡೋಳೇ, ಅದಕ್ಕೇ ಖಡಾಖಂಡಿತವಾಗಿ ಹೇಳ್ತಿದೀನಿ, ತಪ್ಪು ತಿಳೀಬೇಡಿ.

ಯಾಕಂದ್ರೆ ಇಲ್ಲಿ ಸಿಗ್ನಲ್ ಕಮ್ಮಿ ಆಗೋದಕ್ಕಿಂತ ದೊಡ್ಡ ವಿಷ್ಯ ಇದೆ. ಸೀಸ ಬೇಗ ಆವಿಯಾಗತ್ತೆ, ಯುರೇನಿಯಂ ಹಠಮಾರಿ. ದೊಡ್ಡ ಕಣ ಪ್ಲಾಸ್ಮಾದಲ್ಲಿ ಪೂರ್ತಿ ಆವಿಯಾಗದೆ ದಾಟಿದ್ರೆ ಅದರೊಳಗಿನ ಸೀಸ ಹೆಚ್ಚು ಪಾಲು ಎಣಿಕೆಗೆ ಬರತ್ತೆ, ಯುರೇನಿಯಂ ಒಂದಿಷ್ಟು ಉಳಿದ್ಬಿಡತ್ತೆ. ಯುರೇನಿಯಂ ಕಮ್ಮಿ ಸೀಸ ಜಾಸ್ತಿ ಅಂದ್ರೆ ಕಲ್ಲು ಇರೋದಕ್ಕಿಂತ ಹಳೇದಾಗಿ ಕಾಣತ್ತೆ. ನಿಮ್ಮ ಪ್ಲೆಶೊವಿತ್ಸೆ ಮುದುಕಾಗ್ತಿರೋದು ಅದಕ್ಕೇ ಇರಬೇಕು. ಪೀಣ್ಯದ ಸರ್ ಹಿತ್ತಾಳೆ ಮಾಡ್ತೀನಿ ಅಂದ್ರಲ್ಲ, ಅವ್ರಿಗೆ ಇದು ಚೆನ್ನಾಗಿ ಗೊತ್ತಿರತ್ತೆ, ಹಿತ್ತಾಳೆಯಲ್ಲಿ ಸತು ಬೇಗ ಆವಿಯಾಗಿ ನಯವಾದ ಕಣಗಳಲ್ಲಿ ಸೇರ್ಕೊಳತ್ತೆ, ದೊಡ್ಡ ಉಂಡೆಗಳಲ್ಲಿ ತಾಮ್ರ ಜಾಸ್ತಿ, ಹಂಗಾಗಿ ಯಾವ ಗಾತ್ರದ ಕಣ ದಾರೀಲಿ ಉದುರತ್ತೆ ಅನ್ನೋದ್ರ ಮೇಲೆ ಉತ್ತರನೇ ಬದಲಾಗತ್ತೆ.

ಇದನ್ನ ಹಿಡಿಯೋಕೆ ಸುಲಭದ ಒಂದು ಪರೀಕ್ಷೆ ಇದೆ. ನಿಸ್ಟ್ 612ರಲ್ಲಿ ಯುರೇನಿಯಂ ಥೋರಿಯಂ ಹತ್ರಹತ್ರ ಸಮ ಇದಾವೆ, ಎರಡೂ ಸುಮಾರು 37 ಪಿಪಿಎಂ. ಮೆಷಿನಲ್ಲಿ ಯುರೇನಿಯಂ-ಥೋರಿಯಂ ಸಿಗ್ನಲ್ ಅನುಪಾತ 1ರ ಹತ್ರ ಬರೋವರೆಗೂ ಫ್ಲೋ ಇಳಿಸ್ತಾ ಹೋಗಿ, ಸಿಗ್ನಲ್ ಸ್ವಲ್ಪ ಕಳ್ಕೊಂಡ್ರೂ ಪರ್ವಾಗಿಲ್ಲ. ಅತಿ ಹೆಚ್ಚು ಸಿಗ್ನಲ್ ಬರೋ ಜಾಗನೇ ಸರಿಯಾದ ಜಾಗ ಅಂತ ಏನಿಲ್ಲ, ಎಷ್ಟೋ ಜನ ಇಲ್ಲೇ ಎಡವೋದು. ಜೊತೆಗೆ ಥೋರಿಯಂ ಆಕ್ಸೈಡ್ ಎಷ್ಟಿದೆ ನೋಡ್ಕೊಳಿ.

ಹೊಸ ಸಿಲಿಂಡರ್ ಹಾಕ್ದಾಗ 204 ಮಾಸ್ (ಪರಮಾಣು ತೂಕ) ಮೇಲೂ ಒಂದು ಕಣ್ಣಿಡಿ, ಗ್ಯಾಸಲ್ಲಿ ಪಾದರಸದ ಸೋಂಕಿದ್ರೆ ಅದು ಸೀಸ 204ರ ಮೇಲೇ ಬಂದು ಕೂರತ್ತೆ, ಲೇಸರ್ ಹಚ್ಚೋ ಮುಂಚಿನ ಬ್ಲಾಂಕಲ್ಲೇ ಗೊತ್ತಾಗತ್ತೆ.

ನೈಟ್ರೋಜನ್ ಕೇಳಿದ್ರಲ್ಲ. ಸೆಲ್‌ಗೆ ಪೂರ್ತಿ ನೈಟ್ರೋಜನ್ ಬೇಡವೇ ಬೇಡ. ತೂಕ 28, ಶಾಖ ಸಾಗಿಸೋದು ಆರ್ಗಾನ್‌ಗಿಂತ ಒಂಚೂರು ಮೇಲು ಅಷ್ಟೆ, ಗುಳಿ ಹತ್ರ ಹೀಲಿಯಂನ ಲಾಭ ಏನೂ ಸಿಗಲ್ಲ. ಮೇಲಿಂದ ಅದು ಜೋಡಿ ಪರಮಾಣು, ಒಡೆಯೋಕೇ 9.8 ಇಲೆಕ್ಟ್ರಾನ್ ವೋಲ್ಟ್ ಬೇಕು, ಲೀಟರ್‌ಗಟ್ಟಲೆ ಬಿಟ್ರೆ ಪ್ಲಾಸ್ಮಾ ಆರಿ ಹೋಗ್ಬೋದು. ಆದ್ರೆ ನಿಮಿಷಕ್ಕೆ ಕೆಲವೇ ಮಿಲಿಲೀಟರ್ ಸೆಲ್ ದಾಟಿದ್ಮೇಲೆ ಸೇರಿಸಿದ್ರೆ ಪ್ಲಾಸ್ಮಾದಲ್ಲಿ ಶಾಖ ಹರಡೋದು ಸುಧಾರಿಸಿ ಸಿಗ್ನಲ್ ಏರತ್ತೆ, ಆಕ್ಸೈಡ್ ಇಳಿಯತ್ತೆ. ನಾವು ಮಾಡ್ತೀವಿ. ಅಷ್ಟು ಸಣ್ಣ ಫ್ಲೋ ಹಿಡಿಯೋ ಕಂಟ್ರೋಲರ್ ಇದ್ರೆ ಮಾತ್ರ ಕೈ ಹಾಕಿ.

ಗೈಡ್‌ಗೆ ಏನ್ ಹೇಳೋದು ಅಂದ್ರೆ, ಸ್ಟ್ಯಾಂಡರ್ಡ್ ಸರಿಯಾಗಿ ಬರದ ದಿನ ಸ್ಯಾಂಪಲ್ ಓಡಿಸಿದ್ರೆ ಅದನ್ನ ಯಾವ ರಿವ್ಯೂವರೂ ಒಪ್ಪಲ್ಲ ಸರ್ ಅಂತ ನೇರವಾಗಿ ಹೇಳಿ. 30 ಮೈಕ್ರಾನ್ ಗುಳಿ ಬಿದ್ದ ಕಾಳು ಮತ್ತೆ ತುಂಬ್ಕೊಳಲ್ಲ. ಕ್ವಾರಿಯಿಂದ ಕಲ್ಲು ಹೊತ್ತು, ಒಡೆದು, ಪುಡಿ ಮಾಡಿ, ಮೈಕ್ರೋಸ್ಕೋಪ್ ಕೆಳಗೆ ಒಂದೊಂದೇ ಕಾಳು ಆರಿಸಿರ್ತೀರ, ಒಳ್ಳೇ ಜಾಗ ಒಂದು ಕಾಳಲ್ಲಿ ಒಂದೋ ಎರಡೋ ಇರತ್ತೆ. ಅದನ್ನ ಹೀಲಿಯಂಗೆ ಇಟ್ಕೊಳಿ. ಈ ಎರಡು ವಾರ ಸ್ಟ್ಯಾಂಡರ್ಡ್ ಮೇಲೇ ಆರ್ಗಾನ್ ಆಟ ಆಡಿ ಕಲೀರಿ.


ಪೀಣ್ಯ_ಸೆಕೆಂಡ್_ಸ್ಟೇಜ್:

ಧೂಳಿನ ಲೆಕ್ಕದವ್ರೇ, ಬೇಜಾರೇನಿಲ್ಲ ಸರ್. ಇಷ್ಟು ವರ್ಷ ಬಲೂನ್ ಕಥೆನೇ ಹೊಸ ಹುಡುಗರಿಗೂ ಹೇಳ್ಕೊಟ್ಟಿದೀನಿ, ಸೋಮವಾರ ಹೋಗಿ ತಿದ್ದಿ ಹೇಳ್ತೀನಿ. ಸ್ನಿಗ್ಧತೆ ಒಂದೇ ಅನ್ನೋದು ನಿಜಕ್ಕೂ ಗೊತ್ತಿರ್ಲಿಲ್ಲ. ಹಿತ್ತಾಳೆಯಲ್ಲಿ ಸತು ಏರುಪೇರು ಆಗೋದು ದಿನಾ ನೋಡ್ತೀವಿ ಮೇಡಂ, ಅದಕ್ಕೇ ನಮ್ಮಲ್ಲಿ ಹಿತ್ತಾಳೆಗೆ ಹಿತ್ತಾಳೆ ಸ್ಟ್ಯಾಂಡರ್ಡೇ ಇಡೋದು, ಗಾಜಿಟ್ಟು ಲೆಕ್ಕ ಹಾಕಲ್ಲ. ಕಾರಣ ಕಣದ ಗಾತ್ರ ಅಂತ ಇವತ್ತು ತಿಳೀತು.


ಜಿರ್ಕಾನ್_ಕಾಳು:

ಒಂದು ಅಪ್‌ಡೇಟ್ ಇದೆ. ಗೈಡ್‌ಗೆ ಪ್ಲೆಶೊವಿತ್ಸೆ ಗ್ರಾಫ್ ತೋರಿಸಿ ಹೇಳ್ದೆ, ಒಂದು ನಿಮಿಷ ನೋಡಿ ಸರಿ ಕಾಯೋಣ ಅಂದ್ರು, ಪ್ರೆಸೆಂಟೇಶನ್‌ಗೆ ಹಳೇ ಡೇಟಾನೇ ಹಾಕೋಣ ಅಂದ್ರು.

ಹೀಲಿಯಂ ಮೊನ್ನೆ ಬಂತು, ಬರೋಕೆ ಹದಿನೆಂಟು ದಿನ ಹಿಡೀತು. ಸಿಲಿಂಡರ್ ಹಾಕಿ ಲೈನನ್ನ ಅರ್ಧ ದಿನ ಫ್ಲಶ್ ಮಾಡಿ, 204 ಬ್ಲಾಂಕ್ ಇಳಿದ್ಮೇಲೆ ಶುರು ಮಾಡ್ದೆ. ಯುರೇನಿಯಂ-ಥೋರಿಯಂ 1.02ರಲ್ಲಿ ನಿಲ್ಲಿಸಿದೀನಿ. ಪ್ಲೆಶೊವಿತ್ಸೆ 33.7, 33.9, 33.6, ಹೀಗೆ ಬರ್ತಿದೆ.

ಒಂದೇ ಗಾಜಿನ ತುಂಡಲ್ಲಿ ಎಡಗಡೆ ಆರ್ಗಾನ್ ಗುಳಿ, ಬಲಗಡೆ ಹೀಲಿಯಂ ಗುಳಿ, ಅದೇ ಸ್ಪಾಟ್ ಅದೇ ಪಲ್ಸ್ ಲೆಕ್ಕ, ಪಕ್ಕ ಪಕ್ಕ ಹೊಡೆದು ಫೋಟೋ ತೆಗ್ದೆ. ಎಡಗಡೆ ಗುಳಿಗಿಂತ ಅಗಲವಾದ ಬಿಳಿ ಉಂಗುರ, ಬಲಗಡೆ ಗುಳಿ ಅಂಚಲ್ಲಿ ಬರೀ ತೆಳು ಮಬ್ಬು. ಕೇರಂ ಸರ್ ಹೇಳಿದ್ದು ಕಣ್ಣಾರೆ ನೋಡಿದ ಹಾಗಾಯ್ತು. ಟ್ಯೂಬ್ ಕೂಡ ಹೊಸದು ಹಾಕಿದ್ವಿ, ಹಳೇದನ್ನ ಉದ್ದಕ್ಕೆ ಸೀಳಿ ನೋಡಿದ್ರೆ ನೇರ ಭಾಗದಲ್ಲಿ ಏನೂ ಇಲ್ಲ, ಸೆಲ್ ಬಿಟ್ಟ ಕೂಡ್ಲೇ ಇರೋ ಮೊದಲ ತಿರುವಲ್ಲಿ ಹೊರಗೋಡೆಗೆ ಒಂದು ಬೂದು ಗೆರೆ, ಬೆರಳಲ್ಲಿ ಒರೆಸಿದ್ರೆ ಬರೋ ಅಷ್ಟು. ಆ ತಿರುವನ್ನ ಈ ಸಲ ಅಗಲವಾಗಿ ಬಗ್ಗಿಸಿ ಕಟ್ಟಿದೀವಿ.